ಕತ್ತಿ ಮಾದನೊಂದಿಗೆ ಇಪೋದಲ್ಲಿ ನಾಲ್ಕು ದಿನ

ಕೊಳ್ಳೇಗಾಲ

ನಾನು ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಕೊಳ್ಳೇಗಾಲದಲ್ಲಿ ಇಪ್ಪತ್ತೆಂಟು ವರ್ಷದಿಂದ ಮದುವೆ, ನಾಮಕರಣ, ತಿಥಿ ಎಲ್ಲ ತೆಗೆದಿದ್ದೇನೆ. ಊರಿನ ಅರ್ಧ ಜನರ ಪಾಸ್‌ಪೋರ್ಟಿನಲ್ಲಿ ಇರುವುದು ನಾನು ತೆಗೆದ ಫೋಟೊ. ನನಗೆ ಮಾತ್ರ ಪಾಸ್‌ಪೋರ್ಟ್ ಇರಲಿಲ್ಲ. ಅಂಥವನು ಐವತ್ಮೂರನೇ ವಯಸ್ಸಿನಲ್ಲಿ ವಿಮಾನ ಹತ್ತಿ ಮಲೇಷ್ಯಾಕ್ಕೆ ಹೋಗಿ ಬಂದೆ ಎಂದರೆ ಅದಕ್ಕೆ ಕಾರಣ ಒಬ್ಬ ರೌಡಿ. ಗಾಬರಿಯಾಗಬೇಡಿ, ಹಾಡಿನಲ್ಲಿ ಮಾತ್ರ ರೌಡಿ.

ಅವನ ಹೆಸರು ಮಾದೇವ, ಇಪ್ಪತ್ತಾರು ವರ್ಷ. ಹನೂರು ದಾಟಿ, ಅಜ್ಜೀಪುರವನ್ನೂ ದಾಟಿ ಹೋದರೆ ಕಾಡಂಚಿನಲ್ಲಿ ಅವನ ಊರು. ಅಲ್ಲಿಂದ ಸಾಮಾನು ಆಟೊದಲ್ಲಿ ರೇಷ್ಮೆ ಗೂಡು ತುಂಬಿಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ತರುವುದು ಅವನ ಕಸುಬು. ಆಟೊ ಓಡಿಸುತ್ತ ಓಡಿಸುತ್ತಲೇ ಹಾಡು ಕಟ್ಟಲು ಶುರು ಮಾಡಿದ. ಗ್ಯಾಂಗ್‌ಸ್ಟರ್ ರ‍್ಯಾಪ್ ಅಂತೆ ಅದಕ್ಕೆ. ರಾಗ ಕಡಿಮೆ, ಮಾತು ಜಾಸ್ತಿ. ಮಾತಿನ ತುಂಬ ನಾನು ಹೊಡೆದೆ, ನಾನು ಕಡಿದೆ, ನನ್ನ ನೋಡಿ ಊರೇ ನಡುಗಿತು ಎಂಬ ಬಡಾಯಿ. ಹಾಡುವಾಗ ಅವನ ಹೆಸರು ಕತ್ತಿ ಮಾದ.

ಅವನ ವಿಡಿಯೊಗಳನ್ನೆಲ್ಲ ತೆಗೆದವನು ನಾನೇ. ಮೊದಲ ವಿಡಿಯೊದಲ್ಲಿ ಅವನ ಕೈಲಿರುವ ಮಚ್ಚು ಬಸ್ ಸ್ಟ್ಯಾಂಡ್ ಹತ್ತಿರದ ಎಳನೀರಿನವರದು. "ಬ್ಯಾಗ ಮುಗುಸ್ರಪ್ಪ, ಗಿರಾಕಿ ನಿಂತವ್ರೆ" ಎಂದು ಅವರು ಕ್ಯಾಮೆರಾದ ಹಿಂದೆ ನಿಂತು ಗೊಣಗಿದ್ದು ಈಗಲೂ ಕಿವಿಗೊಟ್ಟರೆ ಹಾಡಿನಲ್ಲಿ ಸಣ್ಣಗೆ ಕೇಳಿಸುತ್ತದೆ. ರಕ್ತ ಬೀಟ್ರೂಟಿನದು. ಕಾಡು ನಿಜವಾದದ್ದು, ಮೀಸೆ ಅಂಟಿಸಿದ್ದು. ಆ ಮೀಸೆಯ ಐಡಿಯಾ ನನ್ನದು. ನಮ್ಮ ಕಡೆ ಕಾಡು ಮತ್ತು ದೊಡ್ಡ ಮೀಸೆ ಎರಡನ್ನೂ ಒಟ್ಟಿಗೆ ತೋರಿಸಿದರೆ ಸಾಕು, ಯಾವ ಕಾಡುಗಳ್ಳನ ನೆನಪು ಬರಬೇಕೋ ಅವನದು ಬಂದೇ ಬರುತ್ತದೆ. ಬಂತು. "ಕಾಡು ನಂದೇ" ಎಂಬ ಆ ಹಾಡು ಬಂಡಳ್ಳಿಯಿಂದ ಗೋಪಿನಾಥಂವರೆಗೆ ಹುಡುಗರ ಫೋನಿನಲ್ಲೆಲ್ಲ ಕುಣಿಯಿತು.

ಹೆಸರು ಬಂದ ಮೇಲೆ ಹೊಟ್ಟೆಕಿಚ್ಚೂ ಬಂತು. ಯಳಂದೂರಿನ ಒಬ್ಬ ರ‍್ಯಾಪರ್ (ನಾನು ಹುಟ್ಟಿದ್ದೂ ಯಳಂದೂರಿನಲ್ಲೇ, ಏನು ಮಾಡಲಿ) "ಗೂಡು ಹೊರೋನೆಲ್ಲ ಗೂಂಡಾನಾ?" ಎಂದು ಎದುರು ಹಾಡು ಬಿಟ್ಟ. ಆ ಲೋಕದಲ್ಲಿ ನಕಲಿ ಅನ್ನಿಸಿಕೊಂಡರೆ ಕತೆ ಮುಗಿಯಿತಂತೆ. ಅದೇ ಹೊತ್ತಿಗೆ ಬೆಂಗಳೂರಿನ ಒಂದು ಹಾಡಿನ ಕಂಪನಿಯವರು ಇವನನ್ನು ಮೂರು ವರ್ಷಕ್ಕೆ ತೆಗೆದುಕೊಳ್ಳುವ ಮಾತಾಡಿದ್ದರು. ಮಲೇಷ್ಯಾದ ಇಪೋ ಎಂಬ ಊರಿನಲ್ಲಿ ಸಣ್ಣ ಊರುಗಳ ರ‍್ಯಾಪರ್‌ಗಳದೊಂದು ಕಾರ್ಯಕ್ರಮ ಇತ್ತು. ಅಲ್ಲಿ "ಕಾಡು ನಂದೇ" ಹಾಡಬೇಕು, ಹೊರದೇಶದ ಜನ ಕೇಕೆ ಹಾಕಬೇಕು, ಅದು ವಿಡಿಯೊದಲ್ಲಿ ಕಾಣಬೇಕು, ಆಮೇಲೆ ಸಹಿ. ಆ ವಿಡಿಯೊ ತೆಗೆಯುವುದಕ್ಕೆ ನಾನು ಜೊತೆಗೆ ಹೊರಟೆ.

ಪಾಸ್‌ಪೋರ್ಟಿಗೆ ವಿಚಾರಣೆ ಮಾಡಲು ಪೊಲೀಸಿನವರು ಮಾದೇವನ ಊರಿಗೆ ಹೋದಾಗ ಅಕ್ಕಪಕ್ಕದವರೆಲ್ಲ ಒಳ್ಳೆಯದಾಗಲಿ ಎಂದು ಸತ್ಯ ಹೇಳಿಬಿಟ್ಟರು. "ಚಿನ್ನದಂತ ಹುಡ್ಗ ಸಾ. ಕೋಳಿ ಕುಯ್ಯಕ್ಕೂ ಎದ್ರುತಾನೆ." ಮಾದೇವ ನನ್ನ ಸ್ಟುಡಿಯೊಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. "ಯಳಂದೂರೋನ್ಗೆ ಗೊತ್ತಾದ್ರೆ ನನ್ ಕತೆ ಅಷ್ಟೇಯ ಕಣಣ್ಣೊ" ಅಂದ.

ಕೌಲಾಲಂಪುರದ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದೆ. ಇಳಿದ ಮೇಲೆ ಒಂದು ಕೌಂಟರಿನಲ್ಲಿ ತಲೆಗೆ ವಸ್ತ್ರ ಸುತ್ತಿಕೊಂಡ ಹೆಣ್ಣುಮಗಳೊಬ್ಬಳು ಪಾಸ್‌ಪೋರ್ಟ್ ನೋಡುತ್ತ, ಏನು ಕೆಲಸ ಎಂದು ಇಂಗ್ಲಿಷಿನಲ್ಲಿ ಮಾದೇವನನ್ನು ಕೇಳಿದಳು. ಇವನು ಎದೆ ಸೆಟೆಸಿ "ಗ್ಯಾಂಗ್‌ಸ್ಟರ್" ಅಂದ.

ಅಯ್ಯೋ ದೇವರೇ! ಹಿಂದಿನಿಂದ ಅವನ ಸೊಂಟ ಚಿವುಟಿ, ನನಗೆ ಬರುವ ಹತ್ತು ಇಂಗ್ಲಿಷ್ ಪದಗಳನ್ನೆಲ್ಲ ಒಟ್ಟಿಗೆ ಸುರಿದೆ. ಸಿಂಗರ್ ಮೇಡಂ, ಸಿಂಗರ್, ಗಾಡ್ ಸಾಂಗ್. ಆಕೆ ತಲೆ ಎತ್ತಿ ಹಾಗಾದರೆ ಹಾಡು ಅಂದಳು. ಕತ್ತಿ ಮಾದ ಕಣ್ಣು ಮುಚ್ಚಿ, ಕೈ ಜೋಡಿಸಿ, "ಉಘೇ ಮಾದಪ್ಪಾ" ಎಂದು ಬೆಟ್ಟ ಹತ್ತುವಾಗ ಕೂಗುವ ಹಾಗೆ ಕೂಗಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ಸೀಲು ಒತ್ತಿದಳು. ಹೊರಗೆ ಬಂದ ಮೇಲೆ ಅವನು ಕೇಳಿದ ಮೊದಲ ಮಾತು, "ಇದ್ನ ವಿಡಿಯೊ ಮಾಡ್ನಿಲ್ಲ ತಾನೇ?"

ಇಪೋ, ಮೊದಲ ದಿನ

ಇಪೋ ಊರಿನ ಸುತ್ತ ಸುಣ್ಣಕಲ್ಲಿನ ಬೆಟ್ಟಗಳು. ಬುಡದಿಂದ ತುದಿವರೆಗೆ ನೆಟ್ಟಗೆ ನಿಂತಿವೆ. ನಮ್ಮ ಮಲೆ ಮಾದಪ್ಪನ ಬೆಟ್ಟಗಳು ಒಂದರ ಹೆಗಲ ಮೇಲೆ ಒಂದು ಒರಗಿ ಕೂತಿರುತ್ತವೆ; ಇವು ಒಂದಕ್ಕೊಂದು ಮಾತೇ ಬಿಟ್ಟಂತೆ ದೂರ ದೂರ. ದಿನಾ ಮಧ್ಯಾಹ್ನ ಮೂರೂವರೆಗೆ ಮಳೆ. ಜನ ಮೋಡ ನೋಡುವುದಿಲ್ಲ, ಗಡಿಯಾರ ನೋಡಿ ಬಟ್ಟೆ ಒಳಗೆ ತೆಗೆದುಕೊಳ್ಳುತ್ತಾರೆ.

ಎಲ್ಲದಕ್ಕೂ ಸಕ್ಕರೆ. ಕಾಫಿಗೆ ಸಿಹಿ ಹಾಲು, ಸಾಂಬಾರಿಗೆ ಸಕ್ಕರೆ, ಮೀನಿಗೂ ಸಕ್ಕರೆ. ಅನ್ನವನ್ನು ಬಲಗೈಲಿ ಚಮಚ, ಎಡಗೈಲಿ ಮುಳ್ಳುಚಮಚ ಹಿಡಿದು ತಿನ್ನುತ್ತಾರೆ, ಅದೂ ಎಷ್ಟು ಲಗುಬಗೆಯಿಂದ! ನಾನು ಕಲಿಯಲು ಹೋಗಿ ಅಂಗಿಯ ಮೇಲೆಲ್ಲ ಬೀಳಿಸಿಕೊಂಡೆ. ಮಾದೇವ ನಮ್ಮೂರಿನಿಂದ ಹುರುಳಿಕಾಳು ಗಂಟು ಕಟ್ಟಿ ತಂದಿದ್ದ. ಅದನ್ನು ನೋಡಿ ನನಗೆ ಅಳುವೇ ಬಂತು.

ನಾವು ಉಳಿದದ್ದು ಸೆಲ್ವಂ ಎಂಬವರ ಮನೆಯ ಮಹಡಿಯಲ್ಲಿ. ಅರವತ್ತು ದಾಟಿದ ತಮಿಳರು, ಅಜ್ಜನ ಕಾಲದಲ್ಲಿ ರಬ್ಬರ್ ತೋಟದ ಕೂಲಿಗೆ ಬಂದ ಮನೆತನ. ಈಗ ಕಾರ್ಯಕ್ರಮಗಳಿಗೆ ದೊಡ್ಡ ದೊಡ್ಡ ಸ್ಪೀಕರ್ ಬಾಡಿಗೆಗೆ ಕೊಡುತ್ತಾರೆ. ನಮ್ಮ ಕಾರ್ಯಕ್ರಮದ ಯಜಮಾನರೂ ಅವರೇ. ಮಾತಿಗೆ ತೊಂದರೆ ಆಗಲಿಲ್ಲ. ಮಾದೇವ ಗಡಿಯ ಹುಡುಗ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಕೊಳ್ಳೇಗಾಲದವನಾದ ನನಗೂ ಅರ್ಧ ಬರುತ್ತದೆ, ಇನ್ನರ್ಧ ಊಹೆ.

ಸೆಲ್ವಂ ಅಷ್ಟು ಸೆಕೆಯಲ್ಲೂ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿಕೊಂಡೇ ಇರುತ್ತಿದ್ದರು. ಯಾಕೆ ಎಂದು ಸ್ಪೀಕರ್ ಹೊರುವವರಲ್ಲಿ ಒಬ್ಬನನ್ನು ಕೇಳಿದೆ. ತೋಳ ತುಂಬ ಹಚ್ಚೆ ಇದೆ ಅಂದ. ವಯಸ್ಸಿನಲ್ಲಿ ಇವರು ನಿಜವಾದ ಗ್ಯಾಂಗಿನಲ್ಲಿದ್ದರಂತೆ, ಹನ್ನೆರಡು ವರ್ಷ ಜೈಲಿನಲ್ಲಿ ಕಳೆದರಂತೆ. ಇದನ್ನು ಮಾದೇವನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಅವನ ಕಣ್ಣು ಅರಳಿದವು. ಅವತ್ತಿನಿಂದ ಸೆಲ್ವಂ ಎಲ್ಲಿ ಹೋದರೂ ಹಿಂದೆಯೇ ಹೋಗತೊಡಗಿದ.

ಎರಡನೆಯ ದಿನ

ತಾಲೀಮು ಇತ್ತು. ಹಳೆಯ ಗೋದಾಮಿನಂಥ ಒಂದು ಹಾಲ್. ಸೇಲಂ ಕಡೆಯ ಇಬ್ಬರು, ಇಪೋದವರು ನಾಲ್ವರು, ನಮ್ಮವನು. ಕತ್ತಿ ಮಾದನ ಸರದಿ ಬಂತು. ಮೀಸೆ ಅಂಟಿಸಿಕೊಂಡು ಬಂದು, ತೋರುಬೆರಳನ್ನು ಬಂದೂಕಿನ ಹಾಗೆ ಚಾಚಿ, ಎದುರು ಕೂತ ಒಬ್ಬೊಬ್ಬರಿಗೂ ಗುರಿಯಿಟ್ಟು ಹಾಡಿದ. ಕೊಳ್ಳೇಗಾಲದಲ್ಲಾದರೆ ಹುಡುಗರು ಶಿಳ್ಳೆ ಹೊಡೆಯುವ ಜಾಗ ಅದು. ಇಲ್ಲಿ ಹಾಲಿಗೆ ಹಾಲೇ ಗಪ್‌ಚಿಪ್. ಒಬ್ಬ ಹಿರಿಯರು ಎದ್ದು ಹೊರಟೇ ಹೋದರು.

ಆಮೇಲೆ ತಿಳಿಯಿತು, ಆ ದೇಶದಲ್ಲಿ ತೋರುಬೆರಳಿನಿಂದ ಯಾರನ್ನೂ ತೋರಿಸುವಂತಿಲ್ಲ. ಅಷ್ಟು ಕೆಟ್ಟದ್ದು ಇನ್ನೊಂದಿಲ್ಲವಂತೆ. ಮುಷ್ಟಿ ಕಟ್ಟಿ ಹೆಬ್ಬೆರಳನ್ನು ಮೇಲಿಟ್ಟು ಅದರಿಂದ ತೋರಿಸಬೇಕು. ನಾನು ಬೆಳಗಿನಿಂದ ಅಂಗಡಿಯವರೆಲ್ಲ ನನಗೆ ಹೆಬ್ಬೆರಳು ತೋರಿಸುತ್ತಿದ್ದುದನ್ನು ನೋಡಿ ಇವರಿಗೇನು ಕೊಬ್ಬು ಎಂದುಕೊಂಡಿದ್ದೆ. ಮಾದೇವ ಹೆಬ್ಬೆರಳಿನಲ್ಲಿ ಹಾಡಿ ನೋಡಿದ. ರಸ್ತೆ ಬದಿಯಲ್ಲಿ ನಿಂತು ಲಾರಿಯವರನ್ನು ಹನೂರಿಗೆ ಡ್ರಾಪ್ ಕೇಳುವವನ ಹಾಗೆ ಕಂಡ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಗ್ಬ್ಯಾಡ ಕಣಣ್ಣ, ನನ್ ಒಟ್ಟೆ ಉರೀತಾದೆ" ಎಂದು ಅವನು ಮುಖ ಊದಿಸಿದ.

ಸಂಜೆ ಕಾಫಿ ಅಂಗಡಿಯಲ್ಲಿ ಸೆಲ್ವಂ ಹಾಡಿನ ಅರ್ಥ ಕೇಳಿದರು. ಮಾದೇವ ಸಾಲು ಸಾಲಾಗಿ ತಮಿಳಿನಲ್ಲಿ ಹೇಳಿದ, ಸ್ವಲ್ಪ ಉಪ್ಪುಖಾರ ಸೇರಿಸಿಯೇ ಹೇಳಿದ. ಕೇಳಿ ಮುಗಿಸಿ ಅವರು ನಿಧಾನಕ್ಕೆ, "ಎಷ್ಟು ಜನರನ್ನು ಕಡಿದಿದ್ದೀಯ, ತಂಬಿ?" ಅಂದರು.

ಇವನು ನನ್ನ ಮುಖ ನೋಡಲಿಲ್ಲ. "ಮೂರು ಜನ" ಅಂದ.

"ಅವರ ಅಮ್ಮಂದಿರ ಹೆಸರೇನು?"

ಮಾದೇವ ಕಾಫಿ ಲೋಟ ಕೈಗೆತ್ತಿಕೊಂಡ. ಸೆಲ್ವಂ ಲೋಟದ ತಳದ ಸಕ್ಕರೆಯನ್ನು ಚಮಚದಲ್ಲಿ ಕೆರೆಯುತ್ತ ಹೇಳಿದರು: "ನನಗೆ ಒಬ್ಬಳ ಹೆಸರು ಗೊತ್ತು. ಕೋರ್ಟಿನಲ್ಲಿ ಕೂಗಿದರು. ನಿಜವಾಗಿ ಮಾಡಿದವನಿಗೆ ಅದು ಗೊತ್ತಿರುತ್ತದೆ."

ಬೈಗುಳ ಇಲ್ಲ, ಸಿಟ್ಟಿಲ್ಲ. ಕಾಫಿಗೆ ಅವರೇ ದುಡ್ಡು ಕೊಟ್ಟು ಎದ್ದರು. ಮಹಡಿ ಹತ್ತುವಾಗ ಮಾದೇವ, "ಇವ್ರ್ ಮುಂದೆ ನಾಳಿದ್ದು ಎಂಗಣ್ಣ ಆಡ್ಲಿ?" ಅಂದ. ಹಾಡದೆ ಇದ್ದರೆ ಕಂಪನಿ ಕೈ ಬಿಟ್ಟ ಹಾಗೆ, ಊರಿನಲ್ಲಿ ಯಳಂದೂರಿನವನು ಗೆದ್ದ ಹಾಗೆ. ಇಬ್ಬರಿಗೂ ಅದು ಗೊತ್ತಿತ್ತು. ನಾನು ಸುಮ್ಮನೆ ಮಲಗು ಅಂದೆ.

ಮೂರನೆಯ ದಿನ ಮಳೆ ಬೆಳಿಗ್ಗೆಯೇ ಹಿಡಿಯಿತು, ಗಡಿಯಾರದ ಲೆಕ್ಕ ತಪ್ಪಿಸಿ. ಎಲ್ಲೂ ಹೋಗಲಿಲ್ಲ. ಅಂಗಿ ಒಣಗಲಿಲ್ಲ.

ನಾಲ್ಕನೆಯ ದಿನ: ಅಕ್ಕಿ ಅಂಗಡಿ

ಕಾರ್ಯಕ್ರಮದ ದಿನ ಹಾಡುವವರು, ಸ್ಪೀಕರ್ ಹೊರುವವರು, ಬೀದಿಯವರು ಎಲ್ಲರಿಗೂ ಸೆಲ್ವಂ ಮನೆಯಲ್ಲೇ ಊಟ. ಅದು ಅವರ ಪದ್ಧತಿ. ಹುರುಳಿಕಾಳಿನ ಸಾರು ನಾನು ಮಾಡುತ್ತೇನೆ ಎಂದು ಮಾದೇವ ತಾನೇ ಒಲೆ ವಹಿಸಿಕೊಂಡ. ಬೀದಿ ಕೊನೆಯ ಅಂಗಡಿಯಿಂದ ಹತ್ತು ಕೇಜಿಯ ಒಂದು ಮೂಟೆ ಅಕ್ಕಿ ತಾ ಎಂದು ಸೆಲ್ವಂ ಕಳಿಸಿದರು.

ಎರಡು ಕೇಜಿಯ ಒಂದು ಪೊಟ್ಟಣ ಹಿಡಿದುಕೊಂಡು ಬಂದ. ಸಾಲದು ಎಂದು ಮತ್ತೆ ಕಳಿಸಿದರು. ಮತ್ತೆ ಎರಡು ಕೇಜಿ. ಮೂರನೆಯ ಸಲ ಅಂಗಡಿಯ ಚೀನೀ ಅಜ್ಜಿ ತಾನೇ ಅವನ ಜೊತೆ ಬಂದಳು. ತಳ್ಳುವ ಗಾಡಿಯ ಮೇಲೆ ಹತ್ತು ಕೇಜಿಯ ಮೂಟೆ ಇಟ್ಟುಕೊಂಡು ಬಂದು, ಹೆಬ್ಬೆರಳಿನಲ್ಲಿ ಮಾದೇವನನ್ನು ತೋರಿಸಿ, ಈ ಹುಡುಗನಿಗೆ ಬೆನ್ನು ನೋವಾ ಎಂದು ಸೆಲ್ವಂ ಅವರನ್ನು ಕೇಳಿದಳು.

ನನಗೆ ರೇಗಿತು. "ಏನ್ಲಾ, ಮೂಟೆ ಹೊರಕ್ಕೆ ದಾಡಿನಾ ನಿಂಗೆ? ಮಾರ್ಕೆಟ್ಟಲ್ಲಿ ದಿನಾ ಗೂಡಿನ ಚೀಲ ಹೊರಲ್ವಾ?"

"ಗೂಡು ಬ್ಯಾರೆ ಕಣಣ್ಣ. ಅಕ್ಕಿನ ನಮ್ಮನೇಲಿ ಅಂಗೆ ತರಕಿಲ್ಲ."

"ಇನ್ನೆಂಗೆ ತತ್ತೀರಿ?"

"ಎಲ್ಡ್ ಕೇಜಿ. ಅದು ಮುಗುದ್ರೆ ತಿರ್ಗ ಎಲ್ಡ್ ಕೇಜಿ. ನಮ್ಮಜ್ಜಿ ಅಂಗೇ ಏಳಿರೋದು. ಎಲ್ರ ಮನೇಲೂ ಅಂಗೇ ಅಲ್ವ?"

"ರೇಷನ್ ಅಕ್ಕಿ ಬಂದಾಗ?"

"ನಾಕ್ ಮನೇಲಿ ಎಲ್ಡೆಲ್ಡ್ ಕೇಜಿ ಇಕ್ಕಿ ಬತ್ತೀವಿ."

ಆ ಮಾತು ಅವನ ಕಿವಿಗೇ ಮೊದಲ ಸಲ ಬಿದ್ದ ಹಾಗಿತ್ತು. ಸೆಲ್ವಂ ಕುರ್ಚಿ ಎಳೆದು ಕೂತು ಯಾಕೆ ಅಂದರು. ಮಾದೇವ ಮೊರದಲ್ಲಿ ಹುರುಳಿ ಆರಿಸುತ್ತ, ತಲೆ ಎತ್ತದೆ, ತಮಿಳಿನಲ್ಲಿ ಹೇಳಿದ. ನನಗೆ ತಿಳಿದಷ್ಟು ಬರೆಯುತ್ತೇನೆ.

ಇವನು ಹುಟ್ಟುವುದಕ್ಕೆ ಮೊದಲು, ಕಾಡಿನಲ್ಲಿ ಪೊಲೀಸರು ಆ ಮೀಸೆಯ ಕಾಡುಗಳ್ಳನನ್ನು ಹುಡುಕುತ್ತಿದ್ದ ಕಾಲ. ಇವನ ತಾತ ಮಗಳ ಮದುವೆಗೆಂದು ಹನೂರಿನಲ್ಲಿ ಒಂದು ಮೂಟೆ ಅಕ್ಕಿ ಕೊಂಡು ಎತ್ತಿನ ಗಾಡಿಯಲ್ಲಿ ತರುತ್ತಿದ್ದ. ದಾರಿಯಲ್ಲಿ ಜೀಪು ನಿಲ್ಲಿಸಿಕೊಂಡಿದ್ದವರು, ಇಷ್ಟು ಅಕ್ಕಿ ಯಾರಿಗೆ ಎಂದು ಕೇಳಿದರು. ಮಗಳ ಮದುವೆಗೆ ಅಂದ. ಕಾಡಿನೊಳಗಿರುವವರಿಗೆ ತಾನೇ ಅಂದರು. ಅಲ್ಲ ಸಾ ಅಂದ. ಹನ್ನೊಂದು ದಿನ ಆದ ಮೇಲೆ ಮನೆಗೆ ಬಂದ. ಧಾರೆ ಎರೆಯುವ ಹೊತ್ತಿಗೆ ಬಲಗೈ ಎತ್ತಲು ಆಗಲಿಲ್ಲ, ಸಾಯುವವರೆಗೂ ಎತ್ತಲಿಲ್ಲ. ಅಲ್ಲಿ ಏನಾಯಿತೆಂದು ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಆ ಮನೆಗೆ ಅಕ್ಕಿ ಬಂದರೆ ಎರಡು ಕೇಜಿ.

ನನಗೆ ನಾಚಿಕೆಯಾಯಿತು. ಇಂಥ ಮನೆಯ ಹುಡುಗನ ಮುಖಕ್ಕೆ ನಾನು ಆ ಮೀಸೆಯನ್ನು ಗೋಂದು ಹಚ್ಚಿ ಅಂಟಿಸಿದ್ದೆ. ಎರಡು ವರ್ಷ ಜೊತೆಗೆ ತಿರುಗಿದರೂ, ನಿಮ್ಮೂರಿನಲ್ಲಿ ಆಗ ಏನಾಯಿತೋ ಎಂದು ಒಂದು ಮಾತು ಕೇಳಿರಲಿಲ್ಲ.

"ಇದೆಲ್ಲ ಗೊತ್ತಿದ್ದೂ ಆ ಹಾಡು ಯಾಕ್ಲಾ ಕಟ್ಟಿದೆ?" ಅಂದೆ.

ಅವನು ಬಹಳ ಹೊತ್ತು ಹುರುಳಿಯಲ್ಲಿ ಕಲ್ಲು ಹುಡುಕಿದ. "ನಮ್ಮೂರೋರು ಅಂದ್ರೆ ಎಲ್ರೂ ಎದ್ರೋರೇ ಕಣಣ್ಣ. ಜೀಪ್ ಸದ್ದಾದ್ರೆ ಈಗ್ಲೂ ನಮ್ಮಜ್ಜಿ ಎದ್ ಒಳಿಕ್ಕೋಯ್ತಾಳೆ. ಒಂದ್ಸಲನಾರ ಎದ್ರುಸೋರ್ ತರ ಇರವ ಅನ್ನುಸ್ತು."

ಸೆಲ್ವಂ ಅಕ್ಕಿ ಮೂಟೆಯ ಹೊಲಿಗೆ ಬಿಚ್ಚಿ ಪಾತ್ರೆಗೆ ಸುರಿದರು. ಎಲ್ಲರೂ ಉಂಡರು. ಹುರುಳಿ ಸಾರಿಗೆ ಆ ಚೀನೀ ಅಜ್ಜಿ ಸಕ್ಕರೆ ಕೇಳಿದಳು.

ಅದೇ ಸಂಜೆ

ಐದು ಗಂಟೆಗೆ ಕಾರ್ಯಕ್ರಮ. ಕಂಪನಿಯವರು ಬೆಂಗಳೂರಿನಿಂದ ಫೋನಿನಲ್ಲಿ ನೇರವಾಗಿ ನೋಡುತ್ತಿದ್ದರು. ನಾನು ಕ್ಯಾಮೆರಾ ನಿಲ್ಲಿಸಿ, ಗೋಂದು ಮತ್ತು ಮೀಸೆ ಹಿಡಿದುಕೊಂಡು ಪರದೆಯ ಹಿಂದೆ ಹೋದೆ. ಮಾದೇವ ತಲೆ ಅಲ್ಲಾಡಿಸಿದ. "ಬ್ಯಾಡ ಇಕ್ಕಣ್ಣ ಅತ್ಲಾಗೆ."

"ಕಂಪನಿಯವರು ನೋಡ್ತಾವ್ರೆ ಕಣ್ಲಾ!"

"ನೋಡ್ಲಿ ಬುಡಣ್ಣ."

ವೇದಿಕೆಗೆ ಹೋದವನು "ಕಾಡು ನಂದೇ" ಹಾಡಿನ ಮೊದಲ ಎರಡು ಸಾಲು ಹೇಳಿ ನಿಲ್ಲಿಸಿದ. ತಾಳ ಮಾತ್ರ ಹೊಡೆದುಕೊಳ್ಳುತ್ತಿತ್ತು. ತಮಿಳಿನಲ್ಲಿ, "ಇದೆಲ್ಲ ಸುಳ್ಳು. ನಾನು ಯಾರನ್ನೂ ಮುಟ್ಟಿಲ್ಲ. ನಮ್ಮ ತಾತನನ್ನು ಮುಟ್ಟಿದರು" ಅಂದ. ಆಮೇಲೆ ಕನ್ನಡದಲ್ಲಿ ಶುರು ಮಾಡಿದ. ಮಧ್ಯಾಹ್ನ ಪಾತ್ರೆ ತೊಳೆಯುತ್ತ ಗೊಣಗುತ್ತಿದ್ದುದು ಇದನ್ನೇ ಎಂದು ನನಗೆ ಆಗ ತಿಳಿಯಿತು.

ಎಲ್ಡ್ ಕೇಜಿ ಅಕ್ಕಿ ಕೊಡಣ್ಣ, ಎಲ್ಡೇ ಸಾಕು
ಮೂರಾದ್ರೆ ಕೇಳ್ತಾರೆ, ಯಾರ್ಗಪ್ಪ ಇಕ್ಬೇಕು?
ಮಗ್ಳ ಮದ್ವೆ ಅಂದ ತಾತ, ಇಡ್ಕಂಡ್ರು ಕೈಯ
ಅನ್ನೊಂದ್ ದಿನ ಆದ್ಮೇಕೆ ಎತ್ಲಿಲ್ಲ ಕೈಯ

ಬೆರಳು ಚಾಚಲಿಲ್ಲ, ಹೆಬ್ಬೆರಳೂ ಇಲ್ಲ. ಬಲಗೈಯನ್ನು ಮೈಗೆ ಅಂಟಿಸಿಕೊಂಡು, ಒಂದೇ ಕೈಯಲ್ಲಿ ಮೈಕು ಹಿಡಿದು, ಕೊನೆಯವರೆಗೂ ಹಾಗೇ ಹಾಡಿದ. ಕೇಕೆ ಬೀಳಲಿಲ್ಲ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬೊಬ್ಬರಾಗಿ ಎದ್ದು ನಿಂತರು, ಅಷ್ಟೇ. ತಾಲೀಮಿನ ದಿನ ಎದ್ದು ಹೋಗಿದ್ದ ಹಿರಿಯರೂ ಅವರಲ್ಲಿದ್ದರು. ಸೆಲ್ವಂ ಸ್ಪೀಕರ್‌ಗಳ ಪಕ್ಕದಲ್ಲಿ ನಿಂತಿದ್ದರು. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದರು, ಹಚ್ಚೆ ಕಾಣುತ್ತಿತ್ತು. ನಾನು ಅತ್ತ ಕ್ಯಾಮೆರಾ ತಿರುಗಿಸಲಿಲ್ಲ.

ಕಂಪನಿಯವರ ಮೆಸೇಜು ಮಾರನೆಯ ದಿನ ವಿಮಾನ ಹತ್ತುವ ಮುಂಚೆಯೇ ಬಂತು. ಮಚ್ಚಿಲ್ಲದ ಹಾಡನ್ನು ಯಾರು ಕೇಳುತ್ತಾರೆ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತ್ತು. ಮಾದೇವ ಓದಿ ಫೋನು ಜೇಬಿಗೆ ಹಾಕಿಕೊಂಡ. ಬೇಜಾರಾಯ್ತಾ ಅಂದೆ. "ಆಗ್ದೆ ಇದ್ದಾತ?" ಅಂದ. ಇನ್ನೊಂದು ಮೆಸೇಜು ನನ್ನ ಫೋನಿಗೆ ಬಂದಿತ್ತು, ಯಳಂದೂರಿನವನದು. "ಅಣ್ಣಾ, ಆ ಹಾಡು ಪೂರ್ತಿ ಕಳ್ಸು."

ಹನೂರಿನಿಂದ ಆಚೆ

ಊರಿಗೆ ಬಂದ ಮೂರನೆಯ ದಿನ ಮಾದೇವ ಸ್ಟುಡಿಯೊ ಮುಂದೆ ಆಟೊ ನಿಲ್ಲಿಸಿ, ಬಾ ಅಣ್ಣ ಅಂದ. ಹಿಂದೆ ಗೂಡಿನ ಚೀಲಗಳ ಜಾಗದಲ್ಲಿ ಇಪ್ಪತ್ತೈದು ಕೇಜಿಯ ಒಂದು ಅಕ್ಕಿ ಮೂಟೆ. ಕೊಳ್ಳೇಗಾಲದ ಪೇಟೆ ಬೀದಿಯಲ್ಲಿ ಹಗಲು ಹೊತ್ತು ಹೆಗಲ ಮೇಲೆ ಹೊತ್ತು ತಂದನಂತೆ. ಕ್ಯಾಮೆರಾ ತಗೊಂಡು ಹೋಗೋಣವೇ ಎಂದರೆ ಬೇಡ ಅಂದ.

ಅವನ ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮೊಮ್ಮಗ ಮೂಟೆ ಇಳಿಸಿದ್ದನ್ನು ನೋಡಿ ಎದ್ದು ನಿಂತಳು.

"ಯಾರ್ದ್ಲಾ ಇದು?"

"ನಮ್ದೇ ಕಣಜ್ಜಿ. ಈಗ ಯಾರೂ ಕೇಳಕಿಲ್ಲ."

ಅಜ್ಜಿ ರಸ್ತೆಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ಮದ್ಲು ಒಳಿಕ್ ತಕಂಡ್ ಬಾ" ಅಂದಳು. ಬಾಗಿಲು ಹಾಕಿದಳು. ಮೂಟೆಯ ಹೊಲಿಗೆ ಹಲ್ಲಿನಲ್ಲೇ ಕಚ್ಚಿ ಬಿಚ್ಚಿ, ಒಂದು ಡಬರಿಯಲ್ಲಿ ಅಳೆದು ಅಳೆದು ಮಡಕೆಗೆ ಒಂದಿಷ್ಟು, ಟ್ರಂಕಿಗೆ ಒಂದಿಷ್ಟು, ಹಳೆ ಸೀರೆಯ ತುಂಡುಗಳಲ್ಲಿ ಒಂದಿಷ್ಟು ಕಟ್ಟತೊಡಗಿದಳು. ಮಾದೇವ "ಬ್ಯಾಡ ಕಣಜ್ಜಿ" ಎಂದು ಒಂದು ಸಲ ಅಂದ. ಆಮೇಲೆ ಅವನೇ ಪಕ್ಕದಲ್ಲಿ ಕೂತು ಗಂಟು ಹಾಕಿಕೊಟ್ಟ. ಹೊರಡುವಾಗ ಅಜ್ಜಿ ನನ್ನ ಕೈಗೂ ಒಂದು ಗಂಟು ಕೊಟ್ಟಳು.

"ನೀವೂ ಒಸಿ ತಕಂಡೋಗಿ ಸಾ. ಎಲ್ಲಾ ಒಂದೇ ಕಡೆ ಇರದು ಬ್ಯಾಡ."

ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ವಾಪಸು ಹೊರಟೆ. ಗಂಟು ತೊಡೆಯ ಮೇಲಿತ್ತು. ಚೆಕ್‌ಪೋಸ್ಟಿನಲ್ಲಿ ಡ್ಯೂಟಿ ಮುಗಿಸಿದ ಖಾಕಿ ಅಂಗಿಯ ಹುಡುಗನೊಬ್ಬ ಹತ್ತಿ ನನ್ನ ಪಕ್ಕ ಕೂತ. ಒಳ್ಳೆಯವನು, ಮಾತಿನವನು. ಸೆಕೆ ಅಂದ, ಮಳೆ ಬರಬೇಕು ಅಂದ. ನನ್ನ ತೊಡೆ ಕಡೆ ನೋಡಿ, "ಅದೇನ್ ಸಾ ಗಂಟು?" ಎಂದು ಕೇಳಿದ.

"ಅಕ್ಕಿ" ಅಂದೆ. "ಎರಡೇ ಕೇಜಿ."

ಎಷ್ಟು ಎಂದು ಅವನು ಕೇಳಿರಲಿಲ್ಲ.